ಮನೆಯನ್ನು ನೋಡಿದವರು ಯಾರು?

ನಾವು ಕೊಳ್ಳಬೇಕೆಂದು ಮನಸ್ಸು ಮಾಡಿದ್ದ ಮನೆಯನ್ನು, ಸಂಚಕಾರದ ಮಾತು ಬರುವ ಹೊತ್ತಿಗೆ, ನಾಲ್ಕು ಜನರಿಗೆ ತೋರಿಸಿಯಾಗಿತ್ತು.

ಮೊದಲನೆಯವನು ದಲ್ಲಾಳಿ. ಅವನ ಕಣ್ಣಿಗೆ ಬಿದ್ದದ್ದು ಓಣಿಯ ಅಗಲ, ಮುಂಬಾಗಿಲಿನ ಕೆತ್ತನೆ, ಬೆಲೆ. ಎರಡನೆಯವರು ವಕೀಲರು. ಅವರು ಮನೆಗೆ ಬರಲೇ ಇಲ್ಲ, ಬರುವುದು ಅವರ ಕೆಲಸವೂ ಅಲ್ಲ. ಮೂವತ್ತು ವರ್ಷಗಳ ನೋಂದಣಿ ದಾಖಲೆ ತೆಗೆಸಿದರು, ಪ್ರಾಪರ್ಟಿ ಕಾರ್ಡಿನ ಹೆಸರುಗಳನ್ನು ತಾಳೆ ನೋಡಿದರು, ದರ್ಗಾಗಳ ಊರಾದ್ದರಿಂದ ಜಾಗ ಇನಾಮಿನದೋ ವಕ್ಫಿನದೋ ಎಂಬುದನ್ನು ಬೇರೆಯಾಗಿ ಪರಿಶೀಲಿಸಿ, ತೊಡಕಿಲ್ಲ ಎಂದು ಬರೆದುಕೊಟ್ಟರು. ಮೂರನೆಯವರು ಬ್ಯಾಂಕಿನ ಕಡೆಯ ಮೌಲ್ಯಮಾಪಕರು. ಇಪ್ಪತ್ತು ನಿಮಿಷ ಇದ್ದರು. ಹೊರಗಿನಿಂದ ಟೇಪು ಹಿಡಿದರು, ನಾಲ್ಕು ಫೋಟೊ ತೆಗೆದರು, ಅಕ್ಕಪಕ್ಕದಲ್ಲಿ ಈಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತೆಂದು ಕೇಳಿದರು. ಅವರ ವರದಿ ಬ್ಯಾಂಕಿಗೆ ಹೋಯಿತು, ಅದರ ಶುಲ್ಕ ನಮ್ಮ ಖಾತೆಯಿಂದ ಹೋಯಿತು. ಒಂದು ಪ್ರತಿ ಕೊಡಿ ಎಂದರೆ, ಅದು ಆಂತರಿಕ ದಾಖಲೆ ಎಂದರು. ನಾಲ್ಕನೆಯವರು ನಮ್ಮ ಮೈದುನ ಕರೆತಂದ ವಾಸ್ತು ಪಂಡಿತರು. ಅಡುಗೆಮನೆ ಆಗ್ನೇಯಕ್ಕಿದೆ, ಚಲೋ ಇದೆ ಎಂದರು. ತಮಾಷೆಯೆಂದರೆ, ನಾಲ್ವರಲ್ಲಿ ಎಲ್ಲ ಕೋಣೆಗಳ ಒಳಗೆ ಕಾಲಿಟ್ಟವರು ಅವರೊಬ್ಬರೇ.

ಯಾರದೂ ತಪ್ಪಿಲ್ಲ. ದಲ್ಲಾಳಿ ತನ್ನ ಕಮಿಷನ್ನಿಗಾಗಿ ನೋಡಿದ, ವಕೀಲರು ಹಕ್ಕನ್ನು ನೋಡಿದರು. ಬ್ಯಾಂಕು ನೋಡಿದ್ದು, ನಾವು ಸಾಲ ಕಟ್ಟದೆ ಹೋದರೆ ಇದನ್ನು ಮಾರಿ ಎಷ್ಟು ಎತ್ತಬಹುದು ಎಂಬುದನ್ನು. ಆದರೆ ಈ ಗೋಡೆ ನಿಲ್ಲುತ್ತದೆಯೇ, ಈ ಮಾಳಿಗೆಯನ್ನು ಹೊತ್ತ ತೊಲೆ ಒಳಗೆ ಗಟ್ಟಿ ಇದೆಯೇ, ಮಳೆಗಾಲದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮನುಷ್ಯ ಈ ಪಟ್ಟಿಯಲ್ಲೇ ಇರಲಿಲ್ಲ. ನಾವು ಕೊಡಬೇಕಾಗಿದ್ದದ್ದು 31 ಲಕ್ಷ. ಅದರಲ್ಲಿ ಅತ್ತೆಯವರ ಹೊಲ ಮಾರಿದ ದುಡ್ಡೂ ಸೇರಿತ್ತು.

ಮನೆ ಇದ್ದದ್ದು ಖುಲ್ತಾಬಾದಿನಲ್ಲಿ. ಮರಾಠಿಯವರ ಬಾಯಲ್ಲಿ ಖುಲ್ತಾಬಾದ್, ಉರ್ದುವಿನಲ್ಲಿ ಖುಲ್ದಾಬಾದ್, ಹಳಬರಿಗೆ ಇಂದಿಗೂ ರೌಜಾ. ಔರಂಗಾಬಾದಿನಿಂದ (2023ರಿಂದ ಅದು ಛತ್ರಪತಿ ಸಂಭಾಜಿನಗರ) ಸುಮಾರು 25 ಕಿಲೋಮೀಟರ್. ಘಾಟಿ ಹತ್ತಿ ಮೇಲೆ ಬಂದರೆ ಗಾಳಿಯೇ ಬೇರೆ. ಊರು ದಾಟಿ ಕೆಳಗಿಳಿದರೆ ವೇರೂಳ, ಅಂದರೆ ನಮ್ಮ ರಾಷ್ಟ್ರಕೂಟರ ಎಲ್ಲೋರ. ನಮ್ಮನೆಯವರು ವಾಳೂಜಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದಾರೆ. ನಗರದಲ್ಲಿ ನಮ್ಮ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅತ್ತೆಯವರಿಗೆ ಎಪ್ಪತ್ತನಾಲ್ಕು, ಮೊಣಕಾಲು ಬರುವುದಿಲ್ಲ. ನೆಲದ ಮೇಲಿನ ಮನೆ ಬೇಕಿತ್ತು, ನಗರದೊಳಗೆ ಅದು ನಮ್ಮ ಕೈಗೆ ಎಟುಕುತ್ತಿರಲಿಲ್ಲ.

ಮಾರುವವರು ನಿವೃತ್ತ ಶಾಲಾ ಮಾಸ್ತರರು. ಎಂಬತ್ತರ ಹತ್ತಿರದ ವಯಸ್ಸು. ಮಕ್ಕಳು ಪುಣೆಯಲ್ಲಿ, ಅವರೂ ಹೆಂಡತಿಯೂ ಇಲ್ಲಿ. ನಾನು ಆಳಂದದವಳು, ಕಲಬುರಗಿ ಜಿಲ್ಲೆ ಎಂದಾಗ ಅವರ ಮುಖ ಅರಳಿತು. “ಗುಲ್ಬರ್ಗಾದವಳೇನು ಬೇಟಿ? ನಿಮ್ಮ ಬಂದೇನವಾಜರ ತಂದೆ ಮಲಗಿರುವುದು ಇಲ್ಲೇ” ಎಂದರು, ನಮ್ಮ ಕಡೆಯದೇ ದಖ್ಖನಿಯಲ್ಲಿ. ನಿಜ. ರಾಜೂ ಕತ್ತಾಲ್ ಎಂದು ಹೆಸರಾದ ಆ ತಂದೆಯ ಗೋರಿ ಈ ಊರಿನಲ್ಲಿದೆ. ಇಂಥ ಒಂದು ಎಳೆ ಸಿಕ್ಕಮೇಲೆ, ‘ನಿಮ್ಮ ಗೋಡೆಯನ್ನು ಕುಟ್ಟಿ ನೋಡಬೇಕು’ ಎಂದು ಕೇಳುವುದು ಎಷ್ಟು ಕಷ್ಟವೆಂದು ನಮ್ಮಲ್ಲಿ ಮನೆ ಕೊಂಡವರಿಗೆಲ್ಲ ಗೊತ್ತಿರುತ್ತದೆ. ಕುಟ್ಟಿ ನೋಡುವುದೆಂದರೆ ಎದುರಿಗಿರುವವರ ಮಾತನ್ನು ನಂಬಲಿಲ್ಲವೆಂದೇ ಅರ್ಥವಾಗುತ್ತದೆ. ಮಡಕೆಯನ್ನು ಬೆರಳಿನಿಂದ ಬಡಿದು ಕೊಳ್ಳುವ ಜನ, ಮನೆಯ ವಿಷಯಕ್ಕೆ ಬಂದಾಗ ಸಂಕೋಚ ಪಡುತ್ತೇವೆ.

ನನ್ನ ಸಂಕೋಚವನ್ನು ಮುರಿದದ್ದು ಒಂದು ಹಳೆಯ ಭಯ. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಗಣಪತಿಯನ್ನು ಕಳಿಸಿ ಊರು ಮಲಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು ನಮ್ಮ ಆಳಂದದ ಮನೆಯ ಮಾಡದಲ್ಲಿದ್ದ ತಾಮ್ರದ ತಂಬಿಗೆಗಳು ಒಂದರ ಮೇಲೊಂದು ಬಿದ್ದವು. ನಾನಾಗ ಆರನೇ ಇಯತ್ತೆ. ಆಮೇಲೆ ಒಂದು ತಿಂಗಳು ಓಣಿಯವರೆಲ್ಲ ಹೊರಗೆ ಕಟ್ಟೆಯ ಮೇಲೆ, ಬಯಲಿನಲ್ಲಿ ಮಲಗಿದೆವು. ಗಡಿಯ ಆಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಊರಿಗೆ ಊರೇ ನೆಲಸಮವಾಗಿತ್ತು. ಸಾವಿರಾರು ಜನ ಸತ್ತರು. ಭೂಕಂಪದ ಪ್ರಮಾಣ 6.2ರ ಆಸುಪಾಸು; ಜಗತ್ತಿನ ಲೆಕ್ಕದಲ್ಲಿ ಅದು ಮಹಾ ಭೂಕಂಪವೇನಲ್ಲ. ಅಷ್ಟು ಜನರನ್ನು ಕೊಂದದ್ದು ಮನೆಗಳು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಅದೇ ಜಾತಿಯ ಗೋಡೆ, ಅದೇ ಜಾತಿಯ ಮಾಳಿಗೆ ಖುಲ್ತಾಬಾದಿನ ಈ ಮನೆಯಲ್ಲೂ ಇತ್ತು. ಸರಕಾರದ ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರಲ್ಲಿ ಮಾನದಂಡವನ್ನು ತಿದ್ದಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ನಕ್ಷೆಯಲ್ಲಿ ಅಪಾಯವಿಲ್ಲ ಎಂಬ ಮಾತು ನನ್ನನ್ನು ಸಮಾಧಾನಪಡಿಸುವುದಿಲ್ಲ.

ಕಾನೂನು ಏನು ಹೇಳುತ್ತದೆಂದು ವಕೀಲರನ್ನು ಕೇಳಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವನ ಮೇಲೆ ಒಂದು ಹೊಣೆ ಹಾಕುತ್ತದೆ: ಆಸ್ತಿಯಲ್ಲಿರುವ ಮುಖ್ಯ ದೋಷವನ್ನು ಅವನು ಕೊಳ್ಳುವವನಿಗೆ ತಿಳಿಸಬೇಕು. ಆದರೆ ಅದಕ್ಕೆ ಬಾಲವಿದೆ. ಆ ದೋಷ ಮಾರುವವನಿಗೆ ಗೊತ್ತಿರಬೇಕು, ಕೊಳ್ಳುವವನಿಗೆ ಗೊತ್ತಿರಬಾರದು, ಮತ್ತು ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ಅದು ಕಾಣುವಂತಿರಬಾರದು. ಅಂದರೆ ಕಣ್ಣಿಗೆ ಕಾಣುವ ಬಿರುಕನ್ನು ನೋಡದೆ ಕೊಂಡವರಿಗೆ ಈ ಕಲಮು ಆಸರೆಯಲ್ಲ. ಹಾಗಾಗಿ ಎರಡು ಕೆಲಸ ಮಾಡಬೇಕು ಎಂದರು: ನೋಡುವುದು, ಮತ್ತು ಕೇಳಬೇಕಾದ್ದನ್ನು ಬರವಣಿಗೆಯಲ್ಲಿ ಕೇಳಿ ಬರವಣಿಗೆಯಲ್ಲೇ ಉತ್ತರ ಪಡೆಯುವುದು. ಮಾಳಿಗೆ ಯಾವಾಗ ಸೋರಿತ್ತು, ಗೋಡೆಯನ್ನು ಎಂದಾದರೂ ಬಿಚ್ಚಿ ಕಟ್ಟಿದ್ದುಂಟೇ, ನೆಲದ ಕೆಳಗೆ ಏನಾದರೂ ಇದೆಯೇ. ಬಾಯಿಮಾತಿಗೆ ಮರೆವು ಇರುತ್ತದೆ, ಕಾಗದಕ್ಕೆ ಇರುವುದಿಲ್ಲ.

ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಮನೆ ಕೊಂಡಾಗ, ಒಪ್ಪಂದವಾದ ಮೇಲೆ ಪರೀಕ್ಷೆಗೆಂದೇ ಕೆಲವು ದಿನ ಇರುತ್ತದೆ, ಅಷ್ಟರಲ್ಲಿ ಲೈಸೆನ್ಸ್ ಇರುವ ತಪಾಸಕ ಬಂದು ನೋಡಿ ಅರವತ್ತು ಪುಟದ ವರದಿ ಕೊಡುತ್ತಾನೆ ಎಂದಿದ್ದ. ಅವರೂ ಗೋಡೆ ಒಡೆದು ನೋಡುವುದಿಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆಯುವುದು. ನಮ್ಮ ದೇಶದಲ್ಲಿ ಮನೆ ತಪಾಸಕ ಎಂಬ ಹೆಸರಿಗೆ ಲೈಸೆನ್ಸ್ ಕೊಡುವ ಕಾನೂನಿಲ್ಲ. ದೊಡ್ಡ ನಗರಗಳಲ್ಲಿ ಈ ಕೆಲಸ ಮಾಡುವ ಖಾಸಗಿ ಕಂಪನಿಗಳಿವೆ, ಹೆಚ್ಚಾಗಿ ಫ್ಲ್ಯಾಟುಗಳಿಗೆ. ಹಳೆಯ ಕಲ್ಲುಮನೆಗೆ ಅವರ ಪಟ್ಟಿ ಹೊಂದುವುದಿಲ್ಲ. ನಮಗೆ ಬೇಕಾಗಿದ್ದದ್ದು ಇಬ್ಬರು: ಪಾಲಿಕೆಯಲ್ಲಿ ನೋಂದಾಯಿಸಿದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ಮತ್ತು ಇದೇ ಊರಿನ ಹಳೆಯ ಗೋಡೆಗಳನ್ನು ಕಟ್ಟಿ ಬಿಚ್ಚಿದ ಒಬ್ಬ ಗೌಂಡಿ. ಒಬ್ಬರಿಂದ ಆಗುವುದಿಲ್ಲ ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ. ಎಂಜಿನಿಯರಿಗೆ ಲೆಕ್ಕ ಗೊತ್ತು, ಗೌಂಡಿಗೆ ಗೋಡೆಯೊಳಗೆ ಏನು ತುಂಬಿರುತ್ತಾರೆಂದು ಗೊತ್ತು. ಇಬ್ಬರನ್ನೂ ದಲ್ಲಾಳಿಯ ಮೂಲಕ ಹುಡುಕಲಿಲ್ಲ. ವ್ಯವಹಾರ ಮುಗಿದರೆ ಲಾಭವಿರುವವನು ಕರೆತಂದ ಪರೀಕ್ಷಕ ಯಾರ ಕಡೆಯವನಾಗಿರುತ್ತಾನೆಂದು ಹೇಳಬೇಕಿಲ್ಲ. ಎಂಜಿನಿಯರಿಗೆ 12,000, ಗೌಂಡಿಗೆ ಎರಡು ದಿನದ ಕೂಲಿ. ಬ್ಯಾಂಕಿಗೆ, ವಕೀಲರಿಗೆ, ದಲ್ಲಾಳಿಗೆ ಕೊಟ್ಟದ್ದರ ಎದುರಿಗೆ ಇದು ಏನೂ ಅಲ್ಲ.

ಮೇ ತಿಂಗಳಿನ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಂದರು. ಎಂಜಿನಿಯರ್ ನನಗಿಂತ ಚಿಕ್ಕವರು, ‘ತಾಯಿ’ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಇಪ್ಪತ್ತು ವರ್ಷವಾದರೂ ನನಗೆ ಅದು ಒಂದು ಕ್ಷಣ ವಿಚಿತ್ರವಾಗಿಯೇ ಕೇಳಿಸುತ್ತದೆ. ಅವರ ಚೀಲದಲ್ಲಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಟಾರ್ಚು, ಸಣ್ಣ ಸುತ್ತಿಗೆ, ಉದ್ದ ಸ್ಕ್ರೂಡ್ರೈವರ್, ತೂಗುಗುಂಡು, ನೀರು ತುಂಬಿದ ಪಾರದರ್ಶಕ ಪೈಪು, ಟೇಪು, ತೇವ ತೋರಿಸುವ ಒಂದು ಪುಟ್ಟ ಮೀಟರು. ನಾನು ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಇವತ್ತು ರಾತ್ರಿ ಇಲ್ಲಿ ಮಲಗಬಹುದೇ? ಸರಿ ಮಾಡಲು ಏನೇನು ಬೇಕು, ಎಷ್ಟಾಗುತ್ತದೆ? ನಿಮಗೆ ನೋಡಲಾಗದೆ ಉಳಿದದ್ದು ಯಾವುದು? ಮೂರನೆಯದನ್ನು ವರದಿಯಲ್ಲಿ ಬರೆಯಲೇಬೇಕೆಂದು ಹಟ ಹಿಡಿದೆ. ನೋಡಿದ್ದು ಯಾವುದು, ನೋಡದೆ ಬಿಟ್ಟದ್ದು ಯಾವುದು ಎಂಬುದು ಬೇರೆಬೇರೆಯಾಗಿ ತಿಳಿಯದ ವರದಿ ನಮ್ಮ ಕೆಲಸಕ್ಕೆ ಬಾರದು.

ಅವರು ಶುರು ಮಾಡಿದ್ದು ಮಾಳಿಗೆಯಿಂದ. ನಮ್ಮ ಕಡೆ ಮೇಲ್ಮುದ್ದೆ ಎನ್ನುತ್ತೇವಲ್ಲ, ಅದೇ: ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಮೇಲೆ ಮಣ್ಣು. ಮರಾಠಿಯವರು ಇಂಥದ್ದಕ್ಕೆ ಧಾಬ್ಯಾಚೆ ಘರ ಎನ್ನುತ್ತಾರೆ. ಬೇಸಿಗೆಯಲ್ಲಿ ಇದರಷ್ಟು ತಂಪು ಬೇರೆ ಇಲ್ಲ. ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುವುದು ವಾಡಿಕೆ. ಅಜ್ಜನ ಕಾಲದ ಮುಕ್ಕಾಲು ಅಡಿ, ಮೊಮ್ಮಗನ ಕಾಲಕ್ಕೆ ಒಂದೂವರೆ ಅಡಿಯಾಗಿರುತ್ತದೆ. ಎಂಜಿನಿಯರ್ ಅಲ್ಲೇ ನಿಂತು ಲೆಕ್ಕ ಹಾಕಿದರು. ಹಿಂದಿನ ಕೋಣೆ ಹತ್ತಡಿ ಹನ್ನೆರಡಡಿ, ಅಂದರೆ ಸುಮಾರು 11 ಚದರ ಮೀಟರ್. 45 ಸೆಂಟಿಮೀಟರ್ ಮಣ್ಣು. ಘನ ಮೀಟರಿಗೆ 1,600 ಕಿಲೋ ಹಿಡಿದರೆ, ಒಂದು ಕೋಣೆಯ ಮೇಲೆ ಎಂಟು ಟನ್. ಮಳೆ ಬಂದು ನೆನೆದರೆ ಇನ್ನೂ ಹೆಚ್ಚು. “ತಾಯಿ, ತುಂಬಿದ ಒಂದು ಲಾರಿ ತಲೆಯ ಮೇಲೆ ನಿಂತಿದೆ ಅಂದುಕೊಳ್ಳಿ” ಎಂದರು.

ಲಾರಿ ಯಾವುದರ ಮೇಲೆ ನಿಂತಿದೆ ಎಂಬುದೇ ಮುಂದಿನ ಪ್ರಶ್ನೆ. ಇಲ್ಲಿ ನನಗೆ ಹೊಸದೊಂದು ಕಲಿಕೆಯಾಯಿತು. ಹಳೆಯ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಇರುವ ಜಾಗವನ್ನು ನಾವು ಅಂಕಣ ಎನ್ನುತ್ತೇವೆ, ಮರಾಠಿಯವರು ಖಣ ಎನ್ನುತ್ತಾರೆ. (ಪತ್ರಿಕೆಯ ಅಂಕಣಕ್ಕಿಂತ ಮೊದಲು ಅಂಕಣವೆಂದರೆ ಇದೇ.) ಮುಂದಿನ ಮೂರು ಅಂಕಣಗಳಲ್ಲಿ ತೊಲೆಗಳು ಕುಳಿತದ್ದು ಸಾಗವಾನಿ ಕಂಬಗಳ ಮೇಲೆ. ಗೋಡೆ ಅಲ್ಲಿ ಬರೀ ಮರೆ. ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತಿರಬಹುದು. ಕಿಲ್ಲಾರಿಯ ಸುತ್ತ ಹಾಗೆ ಗೋಡೆ ಕಳಚಿ ಕಂಬ ಮತ್ತು ಮಾಳಿಗೆ ಉಳಿದ ಮನೆಗಳೂ ಇದ್ದವು. ಹಿಂದಿನ ಕೋಣೆ ಮಾತ್ರ ಆಮೇಲೆ ಸೇರಿಸಿದ್ದು. ಅಲ್ಲಿ ಕಂಬಗಳಿಲ್ಲ, ಜಂತಿಗಳ ತುದಿ ನೇರವಾಗಿ ಕಲ್ಲುಗೋಡೆಯೊಳಗೆ ಹೋಗಿದೆ. ಗೌಂಡಿ ಏಣಿ ಹತ್ತಿ ಆ ತುದಿಗಳಿಗೆ ಸ್ಕ್ರೂಡ್ರೈವರ್ ಒತ್ತಿದ. ಏಳರಲ್ಲಿ ಐದು ಗಟ್ಟಿ. ಎರಡರಲ್ಲಿ ಅದು ಬೆಣ್ಣೆಗೆ ಹೋದಂತೆ ಎರಡು ಇಂಚು ಒಳಗೆ ಹೋಯಿತು. ಒರಲೆ. ಮರದ ನಡುಭಾಗ ಚೆನ್ನಾಗಿ ಕಾಣುತ್ತಿರುತ್ತದೆ, ಎಣ್ಣೆ ಹಚ್ಚಿ ಹೊಳೆಯುತ್ತಿರುತ್ತದೆ. ತೇವ ತಾಗುವ ತುದಿಯಲ್ಲಿ, ಗೋಡೆಯೊಳಗೆ, ಅದು ಹೋಗಿರುತ್ತದೆ. ನೀವು ಹಳೆಯ ಮನೆ ನೋಡಲು ಹೋದರೆ ಬೇರೆ ಏನನ್ನು ಬಿಟ್ಟರೂ ತೊಲೆಯ ತುದಿಯನ್ನು ಬಿಡಬೇಡಿ.

ಆಮೇಲೆ ಅದೇ ಕೋಣೆಯ ಹಿಂಗೋಡೆ. ಎರಡೂವರೆ ಅಡಿ ದಪ್ಪ. ದಪ್ಪ ಗೋಡೆಯೆಂದರೆ ಭದ್ರ ಎಂದು ನಾವೆಲ್ಲ ತಿಳಿದಿರುತ್ತೇವೆ. ಗೌಂಡಿ ನಕ್ಕ. ಇದು ಒಂದು ಗೋಡೆಯಲ್ಲ, ಎರಡು ಎಂದ. ಒಳಗಡೆಗೆ ಒಂದು ಸಾಲು ಕಲ್ಲು, ಹೊರಗಡೆಗೆ ಒಂದು ಸಾಲು, ನಡುವೆ ಚೂರು ಕಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡಲು ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡಲಾಗಿ ಉದ್ದ ಕಲ್ಲು ಹಾಕಬೇಕು. ಭಾರತೀಯ ಮಾನದಂಡ 13828ರ ಪ್ರಕಾರ ಎತ್ತರದಲ್ಲಿ 60 ಸೆಂಟಿಮೀಟರಿಗೊಂದು ಸಾಲು, ಅಡ್ಡದಲ್ಲಿ ಹೆಚ್ಚೆಂದರೆ 1.2 ಮೀಟರಿಗೊಂದು. ಅವು ಇಲ್ಲದಿದ್ದರೆ ವರ್ಷಗಳು ಹೋದಂತೆ ನಡುವಿನ ಮಣ್ಣು ಕುಸಿದು ಕಲ್ಲುಗಳನ್ನು ಹೊರಗೆ ತಳ್ಳುತ್ತದೆ. ಕಿಲ್ಲಾರಿಯಲ್ಲಿ ಗೋಡೆಗಳು ಸೀಳಿ ಬಿದ್ದದ್ದು ಹೀಗೆ. ಮೇಲಿನಿಂದ ತೂಗುಗುಂಡು ಇಳಿಬಿಟ್ಟರು. ನಾಲ್ಕಡಿ ಎತ್ತರದಲ್ಲಿ ಗೋಡೆ ದಾರಕ್ಕಿಂತ ಎರಡು ಇಂಚು ಹೊರಗೆ ಬಂದಿತ್ತು. ಗೋಡೆ ಹೊಟ್ಟೆ ಬಿಟ್ಟಿದೆ ಎನ್ನುವುದು ನಮ್ಮ ಕಡೆಯ ಮಾತು. ದಾರದ ಪಕ್ಕದಲ್ಲಿ ನಿಂತು ನೋಡಿದಾಗ ಅದು ನಿಜವಾಗಿಯೂ ಬಸುರಿಯ ಹೊಟ್ಟೆಯಂತೆಯೇ ಕಾಣುತ್ತಿತ್ತು. ಬರಿಗಣ್ಣಿಗೆ, ಹೊಸ ಸುಣ್ಣದ ಬಿಳುಪಿನಲ್ಲಿ, ಏನೂ ಗೊತ್ತಾಗುತ್ತಿರಲಿಲ್ಲ. ಮಾಸ್ತರರ ಅನುಮತಿ ಕೇಳಿ ಎರಡು ಕಡೆ ಒಂದೊಂದು ಅಡಿ ಗಿಲಾವು ತೆಗೆದು ನೋಡಿದರು. ಅಡ್ಡಗಲ್ಲು ಕಾಣಲಿಲ್ಲ.

ಬಿರುಕುಗಳೂ ಇದ್ದವು, ಆದರೆ ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಕೂದಲೆಳೆಯಂಥವು ಗಿಲಾವಿನವು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟದ್ದು ಅಡಿಪಾಯ ಒಂದು ಕಡೆ ಕುಸಿದಿರಬಹುದೆಂದು ಹೇಳುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ನೆಟ್ಟಗೆ ಮೇಲಿಂದ ಕೆಳಗೆ ಬಂದದ್ದು ಗೋಡೆಗಳು ಕೈ ಬಿಡುತ್ತಿರುವುದರ ಗುರುತು. ಎರೆಮಣ್ಣಿನ ಊರುಗಳಲ್ಲಿ, ನಮ್ಮ ಕಲಬುರಗಿ, ವಿಜಯಪುರದ ಕಡೆ, ಬೇಸಿಗೆಯಲ್ಲಿ ಬಾಯಿ ತೆರೆದ ಬಿರುಕು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಶ್ರಾವಣದಲ್ಲಿ ಮನೆ ನೋಡಿ ನಿಶ್ಚಿಂತರಾಗಬೇಡಿ. ಇಲ್ಲಿ ಬೆಟ್ಟದ ಮೇಲೆ ಮಣ್ಣು ತೆಳು, ಕೆಳಗೆ ಕಪ್ಪು ಬಂಡೆ. ಕೃಷ್ಣರಾಜನ ಕಾಲದಲ್ಲಿ ಕೈಲಾಸವನ್ನು ಕಡೆದದ್ದು ಇಂಥದೇ ಬಂಡೆಯಲ್ಲಿ. ಬಂಡೆಯ ಮೇಲಿರುವ ಮನೆ ಕುಸಿಯುವ ಭಯ ಕಡಿಮೆ. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಎಂಜಿನಿಯರ್ ಹಳೆಯ ಉಪಾಯ ಮಾಡಿದರು: ಮೂರು ಬಿರುಕುಗಳ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯಿಟ್ಟು ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ ತಾರೀಖು ಬರೆದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಮಳೆಗಾಲ ಕಳೆಯಲಿ ಎಂದರು.

ತೇವದ ವಿಷಯ. ಏಪ್ರಿಲ್‌ನಲ್ಲಿ ಮೊದಲ ಬಾರಿ ಬಂದಾಗ ಪಡಸಾಲೆಯ ಗೋಡೆಗೆ ನೆಲದಿಂದ ಎರಡಡಿಯವರೆಗೆ ಮಾತ್ರ ಹೊಸ ಎಣ್ಣೆಬಣ್ಣ ಬಳಿದಿತ್ತು. ಕಸಬರಿಗೆ ತಾಗಿ ಕೊಳೆಯಾಗಬಾರದೆಂದು ಎಂದು ದಲ್ಲಾಳಿ ಹೇಳಿದ್ದ. ಮೀಟರು ಬೇರೆ ಹೇಳಿತು. ನೆಲದಿಂದ ಮೇಲೇರುವ ತೇವ ಅಷ್ಟೆತ್ತರಕ್ಕೆ ಬರುತ್ತದೆ, ಒಣಗುವಾಗ ಬಿಳಿ ಉಪ್ಪು ಬಿಡುತ್ತದೆ. ಕಲ್ಲು ಮತ್ತು ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು, ಎಣ್ಣೆಬಣ್ಣ ಹಚ್ಚಿದರೆ ಆ ತೇವ ಹೊರಬರಲಾರದೆ ಒಳಗಿನ ಮಣ್ಣನ್ನು ಸಡಿಲಿಸುತ್ತದೆ; ಇಂಥ ಗೋಡೆಗೆ ಸುಣ್ಣದ ಗಚ್ಚೇ ಸರಿ. ಗೋಡೆಯ ಯಾವುದೋ ಒಂದು ತುಂಡಿಗೆ ಮಾತ್ರ ಹೊಸ ಬಣ್ಣ ಕಂಡರೆ, ಅಲ್ಲಿಂದಲೇ ನೋಡಲು ಶುರು ಮಾಡಿ.

ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: “ಬಚ್ಚಲ ನೀರು ಎಲ್ಲಿಗಿ ಹೋಗ್ತದವಾ?” ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎರಡು ಬಕೆಟ್ ನೀರಿಗೆ ಅರಿಶಿನ ಕದಡಿ ಸುರಿದೆವು. ಹೊರಗಿನ ಗಟಾರಕ್ಕೆ ಬಂದದ್ದು ಸ್ವಲ್ಪ. ಉಳಿದದ್ದು ಹೊಟ್ಟೆ ಬಿಟ್ಟ ಅದೇ ಹಿಂಗೋಡೆಯ ಬುಡದಲ್ಲಿ ಹಳದಿಯಾಗಿ ಜಿನುಗಿತು. ಕಾರಣ ಸಿಕ್ಕಿತ್ತು. 12,000 ರೂಪಾಯಿಯ ವರದಿಯಲ್ಲಿ ಇದು ‘ಹಿರಿಯ ಮಹಿಳೆಯ ಸೂಚನೆಯಂತೆ’ ಎಂದು ದಾಖಲಾಗಿದೆ.

ಅಡುಗೆಮನೆಯ ನೆಲವನ್ನು ಗೌಂಡಿ ಹಾರೆಯ ಹಿಡಿಯಿಂದ ಕುಟ್ಟುತ್ತ ಹೋದಾಗ ಒಂದು ಕಡೆ ಡೊಳ್ಳಿನಂತೆ ಸದ್ದು ಬಂತು. ಮಾಸ್ತರರು ತಲೆ ಕೆರೆದುಕೊಂಡು, ಅಬ್ಬಾನ ಕಾಲದ ಪೇವ ಎಂದರು. ನಮ್ಮ ಹಗೇವು. ಜೋಳ ತುಂಬಿಡುವ ನೆಲಮಾಳಿಗೆಯ ಗುಂಡಿ, ಐವತ್ತು ವರ್ಷದಿಂದ ಮುಚ್ಚಿದ್ದು. ಅದರ ಮೇಲೆ ಗ್ರೈಂಡರು, ಫ್ರಿಜ್ಜು ಇಡುವ ಮೊದಲು ತೆರೆದು ತುಂಬಬೇಕು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಸತ್ತದ್ದಿದೆ. ತೆರೆದ ಕೂಡಲೇ ಇಳಿಯಬಾರದು. ನೀರು, ವಿದ್ಯುತ್ತಿನದು ಸಣ್ಣ ಪುರಾಣ: ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮಾರುವವರನ್ನಲ್ಲ, ಎರಡು ಮನೆ ಆಚೆಯ ಹೆಂಗಸರನ್ನು ಕೇಳಿ, ವೈರಿಂಗ್ ಹೊಸದಾಗಿ ಮಾಡಿಸಬೇಕೆಂದೇ ಲೆಕ್ಕ ಹಿಡಿಯಿರಿ.

ಸಂಜೆ ಎಂಜಿನಿಯರ್ ಹೇಳಿದ್ದು ಇಷ್ಟು. ಮುಂದಿನ ಭಾಗ ಚೆನ್ನಾಗಿದೆ. ಹಿಂದಿನ ಕೋಣೆಯಲ್ಲಿ ಇವತ್ತು ರಾತ್ರಿಯೇ ಯಾರೂ ಮಲಗಬಾರದು. ಬೇರೆ ಊರಾಗಿದ್ದರೆ ಆ ಕೋಣೆ ಕೆಡವಿ ಹೊಸದಾಗಿ ಕಟ್ಟಿ ಎನ್ನುತ್ತಿದ್ದೆ. ಇಲ್ಲಿ ಅದು ಆಗುವುದಿಲ್ಲ.

ಏಕೆ ಆಗುವುದಿಲ್ಲ ಎಂಬುದನ್ನು ಆ ನಾಲ್ವರಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಔರಂಗಜೇಬನ ಗೋರಿ ಕೇಂದ್ರ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು, ಕೆಡವಿ ಮತ್ತೆ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರಿಗೆ ಸಿಗುವುದು ದುರಸ್ತಿ ಮತ್ತು ನವೀಕರಣದ ಅನುಮತಿ ಮಾತ್ರ. ಕೆಡವಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವುದೂ ದುರಸ್ತಿಯ ಅರ್ಥದೊಳಗೆ ಬರುವುದಿಲ್ಲ. ಆ ದುರಸ್ತಿಗೂ ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲೇ ಇತ್ತೆಂದು, ಇಲ್ಲವೇ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ್ದೆಂದು ತೋರಿಸಬೇಕು. ನಮ್ಮ ಮನೆ 100 ಮೀಟರಿನ ಒಳಗಿತ್ತು. ಮನೆಯೊಳಗಿನ ಕುಸಿಯುವ ಗೋಡೆ ಮತ್ತು ಹೊರಗಿನ ಈ ಕಾನೂನು ಬೇರೆಬೇರೆಯಾಗಿ ಎರಡು ಸಣ್ಣ ಸಂಗತಿಗಳು. ಕೂಡಿದರೆ, ಆ ಗೋಡೆ ಒಮ್ಮೆ ಬಿದ್ದರೆ ಅಲ್ಲಿ ಮತ್ತೆ ಮನೆ ಏಳುವುದಿಲ್ಲ ಎಂದಾಗುತ್ತದೆ. ಹಂಪಿ, ಬಾದಾಮಿ, ಐಹೊಳೆ, ಬೀದರ, ವಿಜಯಪುರ, ಶ್ರೀರಂಗಪಟ್ಟಣಗಳಲ್ಲಿ ಜಾಗ ನೋಡುತ್ತಿರುವವರು ಟೇಪು ಹಿಡಿಯುವ ಮೊದಲು ಹತ್ತಿರದ ಸ್ಮಾರಕದ ನೀಲಿ ಫಲಕವನ್ನು ಓದಿಕೊಂಡು ಬನ್ನಿ.

ಫ್ಲ್ಯಾಟು ಕೊಳ್ಳುವವರೇ ಹೆಚ್ಚಾದ್ದರಿಂದ ಅವರಿಗೂ ನಾಲ್ಕು ಮಾತು. ಹೊಸ ಫ್ಲ್ಯಾಟಾದರೆ ರೇರಾ ಕಾಯ್ದೆಯ 14(3)ನೇ ಕಲಮು ನೆನಪಿರಲಿ: ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸದ ಗುಣಮಟ್ಟದ ದೋಷ ತೋರಿಸಿದರೆ ಬಿಲ್ಡರ್ 30 ದಿನದೊಳಗೆ ಪುಕ್ಕಟೆ ಸರಿಪಡಿಸಬೇಕು. ಆ ಕಾಯ್ದೆಯಲ್ಲಿ ಮೊದಲ ಕೊಳ್ಳುಗನಿಂದ ಕೊಂಡವರೂ ಹಕ್ಕುದಾರರೇ. ಸ್ವಾಧೀನಪತ್ರದ ತಾರೀಖನ್ನು ಅವರಿಂದ ಕೇಳಿ ಪಡೆಯಿರಿ. ಹಳೆಯ ಫ್ಲ್ಯಾಟಾದರೆ ಸೊಸೈಟಿಯ ಸ್ಟ್ರಕ್ಚರಲ್ ಆಡಿಟ್ ವರದಿ ಕೇಳಿ. ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಇದೆ. ವರದಿಯೇ ಇಲ್ಲ ಎಂಬ ಉತ್ತರವೂ ಒಂದು ಮಾಹಿತಿಯೇ. ನಿಮ್ಮ ಫ್ಲ್ಯಾಟಿಗಿಂತ ಹೆಚ್ಚಾಗಿ ಪಾರ್ಕಿಂಗಿನ ಕಂಬಗಳ ಬುಡ ಮತ್ತು ತಾರಸಿಯ ಟಾಕಿಯ ಕೆಳಗಿನ ತೊಲೆಗಳನ್ನು ನೋಡಿ. ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿದಾಗ ಸರಳಿನ ಜಾಡಿನುದ್ದಕ್ಕೇ ಕಾಂಕ್ರೀಟು ಸೀಳುತ್ತದೆ. ಅನುಮಾನವಿದ್ದರೆ ಎಂಜಿನಿಯರ್ ಒಂದು ಚೂರು ಕೆತ್ತಿ ಫೀನಾಲ್ಫ್ಥಲೀನ್ ದ್ರಾವಣ ಸಿಂಪಡಿಸುತ್ತಾರೆ: ಗುಲಾಬಿ ಬಣ್ಣ ಬಂದರೆ ಆ ಕಾಂಕ್ರೀಟು ಸರಳನ್ನು ಇನ್ನೂ ಕಾಯುತ್ತಿದೆ, ಬಣ್ಣ ಬಾರದಿದ್ದರೆ ಇಲ್ಲ. ಬಚ್ಚಲಿನ ಸೋರಿಕೆ ನಿಮ್ಮ ಮನೆಯಲ್ಲಿ ಕಾಣುವುದಿಲ್ಲ, ಕೆಳಗಿನ ಮನೆಯವರ ಛತ್ತಿನಲ್ಲಿ ಕಾಣುತ್ತದೆ. ಅವರ ಬಾಗಿಲು ತಟ್ಟಿ.

ವರದಿ ಕೈಗೆ ಬಂದದ್ದು ವಾರದ ನಂತರ. ಅದನ್ನು ಮಾಸ್ತರರಿಗೆ ತೋರಿಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆಯಿತು. ಬೆಲೆ ಇಳಿಸುವ ಹತಾರು, ಒಮ್ಮೆಗೇ ಬಿಚ್ಚಬೇಡಿ ಎಂದು ದಲ್ಲಾಳಿ ಹೇಳಿದ. ಹಿಂದಿನ ಕೋಣೆ ತಂಪಾದ್ದರಿಂದ ಅದರಲ್ಲಿ ಮಲಗುತ್ತಿದ್ದವರು ಆ ಗಂಡಹೆಂಡತಿಯೇ. ಪರೀಕ್ಷೆಯ ಸಂಜೆಯೇ ನಾನು ಮಾಸ್ತರರಿಗೆ ಹೇಳಿಬಿಟ್ಟಿದ್ದೆ. ವರದಿಯ ಪ್ರತಿಯನ್ನೂ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು ಮರಾಠಿಯ ಹನ್ನೊಂದು ಪುಟಗಳನ್ನೂ ಓದಿದರು. ಅರವತ್ತು ವರ್ಷ ಈ ಗೋಡೆಗೆ ತಲೆಯಿಟ್ಟು ಮಲಗಿದ್ದೇನೆ, ಯಾರೂ ಹೇಳಲಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಸಂಚಕಾರ ಎಂಬ ಮಾತು ವಿಚಿತ್ರ. ಮುಂಗಡವೆಂದೂ ಅರ್ಥ, ಪ್ರಾಣಕ್ಕೆ ಬಂದ ಆಪತ್ತೆಂದೂ ಅರ್ಥ. ಸಂಚಕಾರ ಕೊಟ್ಟಮೇಲೆ ಪರೀಕ್ಷೆ ಮಾಡಿಸಿದರೆ ಎರಡನೆಯ ಅರ್ಥವೇ ಕೈಗೆ ಬರುತ್ತದೆ. ನಾವು ಕೊಟ್ಟದ್ದು ನವೆಂಬರಿನಲ್ಲಿ, ಒಪ್ಪಂದಕ್ಕೆ ರುಜು ಹಾಕುವ ದಿನ. ಅಷ್ಟರಲ್ಲಿ ಮಳೆಗಾಲ ಕಳೆದಿತ್ತು; ಮೂರು ಗಾಜುಗಳಲ್ಲಿ ಎರಡು ಹಾಗೇ ಇದ್ದವು, ಹಿಂದಿನ ಕೋಣೆಯ ಮೂಲೆಯದು ಒಡೆದಿತ್ತು. ಬೆಲೆ 31ರಿಂದ 27 ಲಕ್ಷಕ್ಕೆ ಬಂತು; ಗೋಡೆಗೆ ತೂತು ಕೊರೆದು ಅಡ್ಡಲಾಗಿ ಕಾಂಕ್ರೀಟ್ ಬೆಸುಗೆ ಹಾಕುವುದು, ಜಂತಿ ಬದಲಿಸುವುದು, ಬಚ್ಚಲ ಪೈಪು, ಹಗೇವು ತುಂಬುವುದು ಎಲ್ಲ ಸೇರಿ ಎಂಜಿನಿಯರ್ ಅಂದಾಜು ಮಾಡಿದ್ದೂ ಹತ್ತಿರಹತ್ತಿರ ಅಷ್ಟೇ. ಒಪ್ಪಂದದಲ್ಲಿ ಎರಡು ಷರತ್ತು ಬರೆಸಿದೆವು. ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಸಿಗದಿದ್ದರೆ ಸಂಚಕಾರ ಪೂರ್ತಿ ವಾಪಸು. ಎಂಜಿನಿಯರ್ ವರದಿ ಒಪ್ಪಂದದ ಭಾಗ. ಮೂರನೆಯದನ್ನು ಬರೆಸಿದವರು ಮಾಸ್ತರರು: ಅನುಮತಿ ಬಂದ ದಿನದಿಂದ ಮೊದಲು ಮಾಳಿಗೆಯ ಮಣ್ಣು ಇಳಿಸಬೇಕು, ಉಳಿದದ್ದು ಆಮೇಲೆ. 1992ಕ್ಕಿಂತ ಮೊದಲಿನ ಮನೆಯೆಂಬ ಪುರಾವೆಗೆ ಅವರು ಟ್ರಂಕಿನಿಂದ ನಗರ ಪರಿಷತ್ತಿನ 1974ರ ಮನೆಪಟ್ಟಿಯ ರಸೀದಿ ತೆಗೆದುಕೊಟ್ಟರು. ಅದರಲ್ಲಿ ಹಿಂದಿನ ಕೋಣೆಯೂ ಲೆಕ್ಕಕ್ಕಿದೆ.

ಅರ್ಜಿ ಹೋಗಿದೆ, ಅನುಮತಿ ಇನ್ನೂ ಬಂದಿಲ್ಲ. ನಾವು ಮೂರನೇ ಮಹಡಿಯಲ್ಲೇ ಇದ್ದೇವೆ. ಮಾಸ್ತರರ ಮಂಚ ಮಾತ್ರ ಮೇ ತಿಂಗಳಿನಿಂದ ಪಡಸಾಲೆಯಲ್ಲಿ, ಸಾಗವಾನಿ ಕಂಬಗಳ ನಡುವೆ ಇದೆ.